ರೈಲಿನ ಮೇಲೆ ಬೈಕ್ ಇಳಿಸಿದ ಮಿಶೆಲ್

ಗೂಡ್ಸ್ ರೈಲೊಂದು ಓಡುತ್ತಿದೆ. ಅದರ ಪಕ್ಕದ ಮಣ್ಣಿನ ಜಾಗದಲ್ಲಿ ಒಬ್ಬ ಹೆಂಗಸು ಬೈಕಿನ ಮೇಲೆ ಧೂಳೆಬ್ಬಿಸಿಕೊಂಡು ಬರುತ್ತಿದ್ದಾಳೆ. ಮುಂದೆ ಒಂದು ದಿಬ್ಬ, ಅದರಾಚೆ ದಾರಿಯೇ ಇಲ್ಲ. ಆಕೆ ಬ್ರೇಕ್ ಹಾಕುವುದಿಲ್ಲ. ಬೈಕು ದಿಬ್ಬದಿಂದ ಹಾರುತ್ತದೆ, ಒಂದು ಕ್ಷಣ ಗಾಳಿಯಲ್ಲಿ ತೇಲುತ್ತದೆ, ಓಡುತ್ತಿರುವ ರೈಲಿನ ನೆತ್ತಿಯ ಮೇಲೆ ಧಡ್ಡೆಂದು ಇಳಿಯುತ್ತದೆ.

‘ಅಯ್ಯೋ ಅಜ್ಜೀ, ಇದೆಲ್ಲಾ ಗ್ರಾಫಿಕ್ಸ್ ಬಿಡು’ ಎನ್ನುತ್ತೀರಲ್ಲವೇ ಮಕ್ಕಳೇ? ಅಲ್ಲ. ಇದು 1992ರ ಚಿತ್ರ. ನಮ್ಮೂರುಗಳಲ್ಲಿ ಫೋನ್ ಮಾಡಲು ಎಸ್‌ಟಿಡಿ ಬೂತಿನ ಮುಂದೆ ಸಾಲು ನಿಲ್ಲುತ್ತಿದ್ದ ಕಾಲ. ಬೈಕು ನಿಜದ್ದು, ರೈಲು ನಿಜದ್ದು, ಹಾರಿದ ಹೆಂಗಸೂ ನಿಜ. ಇನ್ನೊಂದು ಮಾತು ಕೇಳಿದರೆ ಅಜ್ಜಿಯೂ ಬಾಯಿ ಮೇಲೆ ಬೆರಳಿಟ್ಟುಕೊಂಡಾರು: ಈ ಚಿತ್ರಕ್ಕೆ ಮುಂಚೆ ಆಕೆಗೆ ಬೈಕ್ ಓಡಿಸಲು ಬರುತ್ತಲೇ ಇರಲಿಲ್ಲ. ಈ ಜಿಗಿತಕ್ಕೆಂದೇ ಕಲಿತದ್ದು!

ಚಿತ್ರದ ಹೆಸರು ‘ಪೊಲೀಸ್ ಸ್ಟೋರಿ 3: ಸೂಪರ್‌ಕಾಪ್’. (ನಮ್ಮ ಸಾಯಿಕುಮಾರ್ ಗುಡುಗಿದ ‘ಪೊಲೀಸ್ ಸ್ಟೋರಿ’ ಬೇರೆ, ಅದು ಬಂದದ್ದು 1996ರಲ್ಲಿ. ತಾತಂದಿರು ಗೊಂದಲ ಮಾಡಿಕೊಳ್ಳಬಾರದು.) ಹಾಂಗ್‌ಕಾಂಗಿನ ಈ ಚಿತ್ರದ ನಾಯಕ ಜಾಕಿ ಚಾನ್. ಬೈಕ್ ಹಾರಿಸಿದಾಕೆ ಮಿಶೆಲ್ ಯೋ.

ತವರದ ಊರಿನ ಹುಡುಗಿ

ಮಲೇಷ್ಯಾದಲ್ಲಿ ಇಪೋ ಎಂಬ ಊರಿದೆ. ಸುತ್ತ ಸುಣ್ಣಕಲ್ಲಿನ ಬೆಟ್ಟಗಳು, ನಡುವೆ ತವರದ ಗಣಿಗಳಿಂದ ಬೆಳೆದ ಪಟ್ಟಣ. ಪಾತ್ರೆಗೆ ಕಲಾಯಿ ಹಾಕುತ್ತಿದ್ದರಲ್ಲ, ಅದೇ ತವರ. ಆ ತವರದ ಊರೇ ಮಿಶೆಲ್ ಅವರ ತವರೂರು. ಹುಟ್ಟಿದ್ದು 1962ರ ಆಗಸ್ಟ್ 6ರಂದು, ಚೀನಾ ಮೂಲದ ಅನುಕೂಲಸ್ಥ ಕುಟುಂಬದಲ್ಲಿ. ತಂದೆ ವಕೀಲರು, ರಾಜಕಾರಣದಲ್ಲೂ ಇದ್ದವರು. ಮನೆಯಲ್ಲಿ ಇಂಗ್ಲಿಷ್, ಹೊರಗೆ ಮಲಯ್. ಚೀನೀ ಭಾಷೆ ಓದಲು ಆ ಹುಡುಗಿ ಕಲಿಯಲೇ ಇಲ್ಲ. ಈ ಸಂಗತಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಇದರಿಂದ ಭಾರೀ ಫಜೀತಿ ಆಗಲಿದೆ.

ಆಕೆಗೆ ಕನಸಿದ್ದದ್ದು ಸಿನಿಮಾದ್ದಲ್ಲ, ಬ್ಯಾಲೆಯದ್ದು. ಭರತನಾಟ್ಯದಲ್ಲಿ ಮಂಡಿ ಬಗ್ಗಿಸಿ, ಅರೆಮಂಡಿಯಲ್ಲಿ ಕೂತು, ನೆಲವನ್ನು ತಟ್ಟುತ್ತಾರೆ. ಬ್ಯಾಲೆಯಲ್ಲಿ ಇದಕ್ಕೆ ತದ್ವಿರುದ್ಧ. ಕಾಲ್ಬೆರಳ ತುದಿಯ ಮೇಲೆ ಇಡೀ ಮೈಭಾರ ಹೊತ್ತು, ನೆಲವೇ ತನಗೆ ಬೇಡವೆಂಬಂತೆ ಮೇಲಕ್ಕೇಳಬೇಕು. ನಾಲ್ಕನೇ ವಯಸ್ಸಿಗೇ ಅಭ್ಯಾಸ ಶುರು. ಹದಿಹರೆಯದಲ್ಲಿ ಇಂಗ್ಲೆಂಡಿನ ವಸತಿ ಶಾಲೆ, ಆಮೇಲೆ ಲಂಡನ್ನಿನ ರಾಯಲ್ ಅಕಾಡೆಮಿ ಆಫ್ ಡಾನ್ಸ್. ಊರಿಗೆ ಮರಳಿ ಮಕ್ಕಳಿಗೆ ನೃತ್ಯ ಶಾಲೆ ತೆರೆಯಬೇಕು ಎಂಬುದು ಆಸೆ.

ಅಷ್ಟರಲ್ಲಿ ಬೆನ್ನುಹುರಿಗೆ ಪೆಟ್ಟಾಯಿತು. ಇನ್ನು ವೃತ್ತಿಯಾಗಿ ಬ್ಯಾಲೆ ಆಡುವಂತಿಲ್ಲ ಎಂದುಬಿಟ್ಟರು ವೈದ್ಯರು. ಹದಿನಾಲ್ಕು ಹದಿನೈದು ವರ್ಷ ದಿನಾ ಬೆವರು ಸುರಿಸಿದ್ದು ಒಂದು ಮಾತಿನಲ್ಲಿ ಮುಗಿದುಹೋಯಿತು. ಆ ವಯಸ್ಸಿನಲ್ಲಿ ಅದೆಂಥ ಸಂಕಟ ಎಂಬುದು ಪರೀಕ್ಷೆಯಲ್ಲೋ ಪಂದ್ಯದಲ್ಲೋ ಎಡವಿದ ಮಕ್ಕಳಿಗೆ ದೊಡ್ಡವರಿಗಿಂತ ಚೆನ್ನಾಗಿ ಗೊತ್ತು. ಹುಡುಗಿ ನಾಟಕ ಮತ್ತು ಕಲೆಯ ಕಡೆ ಹೊರಳಿ ಪದವಿ ಮುಗಿಸಿಕೊಂಡು ಊರಿಗೆ ಬಂದಳು.

ಬಂದವಳಿಗೆ ಮನೆಯಲ್ಲಿ ಒಂದು ಆಶ್ಚರ್ಯ ಕಾದಿತ್ತು. ಅಮ್ಮ ಹೇಳದೆ ಕೇಳದೆ ಮಗಳ ಹೆಸರನ್ನು ಸೌಂದರ್ಯ ಸ್ಪರ್ಧೆಗೆ ಕೊಟ್ಟಿದ್ದರು! ಅಮ್ಮನ ವರಾತ ತಪ್ಪಿದರೆ ಸಾಕೆಂದು ಒಪ್ಪಿದೆ ಎಂದು ಮಿಶೆಲ್ ಆಮೇಲೆ ನಗುತ್ತಾ ಹೇಳಿಕೊಂಡಿದ್ದಾರೆ. ಒಲ್ಲದ ಮನಸ್ಸಿನಿಂದ ಹೋದವರು 1983ರ ಮಿಸ್ ಮಲೇಷ್ಯಾ ಆಗಿ ಬಂದರು.

ಕೈಗಡಿಯಾರದ ಜಾಹೀರಾತು

ಕಿರೀಟ ತೊಟ್ಟವರಿಗೆ ಜಾಹೀರಾತಿನ ಕರೆ ಬರುವುದು ಎಲ್ಲ ಕಡೆ ಇದ್ದದ್ದೇ. ಹಾಂಗ್‌ಕಾಂಗಿನಿಂದ ಫೋನು ಬಂತು. ಕೈಗಡಿಯಾರದ ಜಾಹೀರಾತು, ಜೊತೆಯಲ್ಲಿ ನಟಿಸುವವರು ‘ಸಿಂಗ್ ಲುಂಗ್’ ಎಂದರು. ಯಾರೋ ಇರಬೇಕು ಎಂದುಕೊಂಡು ಹೋದರೆ, ಎದುರಿಗಿದ್ದದ್ದು ಜಾಕಿ ಚಾನ್! ಕ್ಯಾಂಟನೀಸ್ ಭಾಷೆಯಲ್ಲಿ ಜನ ಅವರನ್ನು ಕರೆಯುವುದೇ ಹಾಗಂತೆ. ಆ ಭಾಷೆ ಅಷ್ಟಕ್ಕಷ್ಟೇ ತಿಳಿದಿದ್ದ ಹುಡುಗಿಗೆ ಗೊತ್ತಾಗುವುದು ಹೇಗೆ?

ಆ ಜಾಹೀರಾತಿನಿಂದ ಸಿನಿಮಾ ಸಿಕ್ಕಿತು. 1984ರ ಮೊದಲ ಚಿತ್ರದಲ್ಲಿ ಆಕೆಯದು ಮೆತ್ತಗಿನ ಪಾತ್ರ. ಹೊಡೆದಾಟವೆಲ್ಲ ಗಂಡಸರದ್ದು, ಹೆಂಗಸರು ಕಿರುಚಿಕೊಳ್ಳಬೇಕು, ಯಾರಾದರೂ ಬಂದು ಕಾಪಾಡಬೇಕು. ಮಿಶೆಲ್ ಮೂಲೆಯಲ್ಲಿ ಕೂತು ಆ ಹೊಡೆದಾಟವನ್ನೇ ನೋಡುತ್ತಿದ್ದರು. ಒಬ್ಬ ಕೈ ಎತ್ತುತ್ತಾನೆ, ಇನ್ನೊಬ್ಬ ಬಗ್ಗುತ್ತಾನೆ. ಒಂದು, ಎರಡು, ಮೂರು, ತಿರುಗು. ಅರೆ, ಇದು ನೃತ್ಯವೇ ಅಲ್ಲವೇ? ಹೆಜ್ಜೆ ಇದೆ, ಎಣಿಕೆ ಇದೆ, ಒಬ್ಬರ ಉಸಿರಿಗೆ ಇನ್ನೊಬ್ಬರ ಉಸಿರು ಸೇರಬೇಕು. ‘ನನಗೂ ಇದನ್ನು ಕಲಿಸಿ’ ಎಂದು ಕೇಳಿದರು.

ಬ್ಯಾಲೆಯಲ್ಲಿ ಬೆಳೆದ ಸುಂದರಿಗೆ ಇದೇಕೆ ಎಂದು ಮೂಗು ಮುರಿದವರಿದ್ದರು. ಆಕೆ ಕರಾಟೆ, ಕುಂಗ್‌ಫು ಕಲಿತವರಲ್ಲ. ಆದರೆ ಪಳಗಿದ ಮೈಯಿತ್ತು. ಸ್ಟಂಟ್ ಹುಡುಗರ ಜೊತೆ ಜಿಮ್ಮಿನಲ್ಲಿ ಬೆಳಗಿನಿಂದ ಸಂಜೆವರೆಗೆ ಒದೆಯುವುದು, ಉರುಳುವುದು, ಎಲ್ಲಕ್ಕಿಂತ ಮುಖ್ಯವಾಗಿ ಬೀಳುವುದನ್ನು ಕಲಿತರು. 1985ರಲ್ಲಿ ‘ಯೆಸ್, ಮೇಡಂ’ ಬಂತು. ಪೊಲೀಸ್ ಅಧಿಕಾರಿಯ ಪಾತ್ರ, ಜೊತೆಗೆ ಅಮೆರಿಕದ ಕರಾಟೆ ಪಟು ಸಿಂಥಿಯಾ ರಾತ್‌ರಾಕ್. ಅದರಲ್ಲೊಂದು ಕಡೆ ಮಿಶೆಲ್ ಮಹಡಿಯ ಕಟಕಟೆಗೆ ಕಾಲು ಸಿಕ್ಕಿಸಿ ತಲೆಕೆಳಗಾಗಿ ಜೋತು, ಹಿಮ್ಮುಖವಾಗಿ ಗಾಜನ್ನು ಒಡೆದು ಇಬ್ಬರು ಖಳರನ್ನು ಎಳೆದು ಬೀಳಿಸುತ್ತಾರೆ. ಮೂಗು ಮುರಿದವರು ಸುಮ್ಮನಾದರು.

ಇಲ್ಲೊಂದು ತಮಾಷೆ. ಆ ಕಾಲದ ಪೋಸ್ಟರುಗಳಲ್ಲಿ ಆಕೆಯ ಹೆಸರು ‘ಮಿಶೆಲ್ ಖಾನ್’! ಹೊರದೇಶದವರ ನಾಲಿಗೆಗೆ ಸಲೀಸಾಗಲಿ ಎಂದು ಸಿನಿಮಾ ಕಂಪನಿಯವರು ಕೊಟ್ಟ ಹೆಸರದು. ತನ್ನ ಸ್ವಂತ ಹೆಸರಿಗೆ ಮರಳಲು ಆಕೆಗೆ ಬಹಳ ವರ್ಷ ಹಿಡಿಯಿತು.

1988ರಲ್ಲಿ ಮದುವೆಯಾಗಿ ಸಿನಿಮಾ ಬಿಟ್ಟರು. ಸಂಸಾರ, ಮಕ್ಕಳು ಎಂದು ಆಸೆಪಟ್ಟಿದ್ದರು. ಮಕ್ಕಳಾಗಲಿಲ್ಲ. ಆ ನೋವನ್ನು ಅವರು ಮುಚ್ಚಿಟ್ಟವರಲ್ಲ. ನಾಲ್ಕು ವರ್ಷಗಳ ಬಳಿಕ ಗಂಡ ಹೆಂಡತಿ ಜಗಳವಿಲ್ಲದೆ ಬೇರೆಯಾದರು. ಮರಳಿ ಬಂದವರನ್ನು ಚಿತ್ರರಂಗ ನೆನಪಿಟ್ಟುಕೊಂಡಿದೆಯೇ ಎಂಬ ಅಳುಕಿತ್ತು. ಅದಕ್ಕೆ ಉತ್ತರವಾಗಿ ಹಾರಿದ್ದೇ ಆ ಬೈಕು.

ಬಿದ್ದದ್ದನ್ನೂ ತೋರಿಸಿದರು

ಸಿನಿಮಾದವರ ಮಾತಿನಲ್ಲಿ ‘ಡ್ಯೂಪ್’ ಎಂಬ ಪದವಿದೆ. ಅಪಾಯದ ದೃಶ್ಯದಲ್ಲಿ ನಾಯಕ ನಾಯಕಿಯ ಬಟ್ಟೆ ತೊಟ್ಟು, ಮುಖ ತೋರಿಸದೆ, ಅವರ ಬದಲು ಹಾರುವ, ಬೀಳುವ ಕಲಾವಿದ. ಮೈಮೂಳೆ ಅವರದು, ಚಪ್ಪಾಳೆ ಇನ್ನೊಬ್ಬರದು. ನಮ್ಮಲ್ಲಿ ‘ಎಸ್.ಪಿ. ಭಾರ್ಗವಿ’ಯಾಗಿ ಮಾಲಾಶ್ರೀ ಖಾಕಿ ತೊಟ್ಟು ಅಬ್ಬರಿಸಿದ್ದನ್ನು ನೋಡಿದವರಿಗೆ, ಹೆಣ್ಣುಮಗಳೊಬ್ಬಳು ಹೊಡೆದಾಟಕ್ಕಿಳಿದಾಗ ಥಿಯೇಟರಿನಲ್ಲಿ ಬೀಳುವ ಶಿಳ್ಳೆ ಎಂಥದ್ದು ಎಂದು ಗೊತ್ತು. ಹಾಂಗ್‌ಕಾಂಗಿನಲ್ಲಿ ಆ ಶಿಳ್ಳೆಯ ಬೆಲೆ ಬಲು ದುಬಾರಿ. ಅಲ್ಲಿ ಜಾಕಿ ಚಾನ್ ತಾವೇ ಹಾರುವವರು. ಹಾಗಾಗಿ ಮಿಶೆಲ್ ಕೂಡ ತಾವೇ ಹಾರಿದರು.

‘ಸೂಪರ್‌ಕಾಪ್’ನಲ್ಲೇ ಇನ್ನೊಂದು ದೃಶ್ಯವಿದೆ. ಓಡುತ್ತಿರುವ ವ್ಯಾನಿನಿಂದ ಹಿಂದೆ ಬರುತ್ತಿರುವ ಕಾರಿನ ಮೂತಿಯ ಮೇಲೆ ಬೀಳಬೇಕು. ಕಾರು ಓಡಿಸುತ್ತಿರುವುದು ಜಾಕಿ ಚಾನ್. ಮೊದಲ ಸಲ ಹಿಡಿತ ಸಿಗದೆ ಮಿಶೆಲ್ ಜಾರಿ ರಸ್ತೆಗೆ ಬಿದ್ದರು. ಹೇಗೋ ಉಳಿದುಕೊಂಡು, ಧೂಳು ಕೊಡವಿ, ಮತ್ತೆ ವ್ಯಾನ್ ಹತ್ತಿದರು. ಬಿದ್ದ ಆ ದೃಶ್ಯವನ್ನೂ ಚಿತ್ರದ ಕೊನೆಯಲ್ಲಿ, ಹೆಸರುಗಳು ಬರುವಾಗ, ಅಡಗಿಸದೆ ತೋರಿಸಿದ್ದಾರೆ. ಇದು ನನಗೆ ಬಹಳ ಹಿಡಿಸಿದ ಪದ್ಧತಿ. ಸಿನಿಮಾದ ಜಿಗಿತ ನೋಡಿ ಮಹಡಿಯಿಂದ ಹಾರಲು ಹೊರಡುವ ಪೋರರು, ಕೊನೆಯ ಆ ಎರಡು ನಿಮಿಷ ನೋಡಿದರೆ ಸುಮ್ಮನೆ ಕೂರುತ್ತಾರೆ.

‘ನೀನು ಇಂಥದ್ದೆಲ್ಲ ಮಾಡಬೇಡ ಮಾರಾಯ್ತಿ, ನೀನು ಮಾಡಿದರೆ ನಾನು ಅದಕ್ಕಿಂತ ದೊಡ್ಡದು ಮಾಡಬೇಕಾಗುತ್ತದೆ’ ಎಂಬಂತೆ ಜಾಕಿ ಚಾನ್ ಗೋಗರೆದರಂತೆ. ಮಾಡಿದರು ಕೂಡ. ಕ್ವಾಲಾಲಂಪುರದ ಕಟ್ಟಡಗಳ ಮೇಲೆ ಹೆಲಿಕಾಪ್ಟರಿನ ಹಗ್ಗದ ಏಣಿಗೆ ಜೋತಾಡಿದರು!

ಆದರೆ ಎಲ್ಲ ಬೀಳುವಿಕೆಯೂ ನಗುವಲ್ಲಿ ಮುಗಿಯಲಿಲ್ಲ. 1996ರ ಚಿತ್ರವೊಂದರಲ್ಲಿ ಮಿಶೆಲ್ ಅವರದು ಸ್ಟಂಟ್ ಮಾಡುವ ಹೆಂಗಸಿನದೇ ಪಾತ್ರ. ಸೇತುವೆಯಿಂದ ಕೆಳಗೆ ಹೋಗುತ್ತಿರುವ ಲಾರಿಯೊಳಕ್ಕೆ ಹಾರಬೇಕು. ಲಾರಿಯಲ್ಲಿ ರಟ್ಟಿನ ಪೆಟ್ಟಿಗೆ, ಹಾಸಿಗೆ ಎಲ್ಲ ಇತ್ತು. ಬಿದ್ದ ರೀತಿ ಮಾತ್ರ ತಪ್ಪಿತು. ಬೆನ್ನಿಗೆ, ಕತ್ತಿಗೆ ಜೋರು ಪೆಟ್ಟು. ಒಮ್ಮೆ ಬ್ಯಾಲೆಯನ್ನು ಕಸಿದ ಅದೇ ಬೆನ್ನು! ಇನ್ನು ನಡೆಯಲಾದೀತೋ ಇಲ್ಲವೋ ಎಂದು ಹೆದರಿದರು. ಪಟ್ಟಿ ಬಿಗಿದುಕೊಂಡು ಮಲಗಿದ್ದಾಗ, ಸಾಕು ಈ ಕೆಲಸ ಎಂದುಕೊಂಡಿದ್ದರು.

ಆಗ ನೋಡಲು ಬಂದವರು ಅಮೆರಿಕದ ನಿರ್ದೇಶಕ ಕ್ವೆಂಟಿನ್ ಟಾರಂಟಿನೊ. ಈ ಮನುಷ್ಯನಿಗೆ ಹಾಂಗ್‌ಕಾಂಗ್ ಚಿತ್ರಗಳ ಹುಚ್ಚು. ಹಾಸಿಗೆಯ ಪಕ್ಕ ಕೂತು, ಮಿಶೆಲ್ ಅವರ ಚಿತ್ರಗಳ ಒಂದೊಂದು ಹೊಡೆದಾಟವನ್ನೂ ಯಾವ ಕಾಲು ಎತ್ತಿದಿರಿ, ಯಾವ ಕಡೆ ತಿರುಗಿದಿರಿ ಎಂಬುದರ ಸಮೇತ ಒಪ್ಪಿಸತೊಡಗಿದರು. ಕೇಳುತ್ತಾ ಕೇಳುತ್ತಾ ಮಲಗಿದ್ದವರು ತಾವೂ ಮಾತಿಗಿಳಿದರು. ಅಲ್ಲಿಗೆ, ಸಾಕು ಎಂಬ ಮಾತು ಹಿಂದೆ ಸರಿಯಿತು. ಕಾಯಿಲೆಯವರನ್ನು ನೋಡಲು ಹೋಗಿ ಬರೀ ಕಾಯಿಲೆಯ ಸುದ್ದಿಯನ್ನೇ ಮಾತಾಡುವ ನಮ್ಮಂಥವರು ಈತನನ್ನು ಒಮ್ಮೆ ನೆನೆಯಬೇಕು.

ಮರುವರ್ಷವೇ ಜೇಮ್ಸ್ ಬಾಂಡ್ ಚಿತ್ರ, ‘ಟುಮಾರೊ ನೆವರ್ ಡೈಸ್’. ಬಾಂಡ್ ಚಿತ್ರದ ಹೆಣ್ಣೆಂದರೆ ಬಾಂಡ್ ಬಂದು ಕಾಪಾಡಬೇಕಾದವಳು ಎಂಬ ರೂಢಿಯಿತ್ತು. ಇಲ್ಲಿ ಮಿಶೆಲ್ ಚೀನಾದ ಗೂಢಚಾರಿಣಿ, ಬಾಂಡ್‌ಗೆ ಸರಿಸಮ. ಇಬ್ಬರ ಕೈಗೂ ಒಂದೇ ಬೇಡಿ, ಒಂದೇ ಬೈಕು. ಅಂಥ ಅವಕಾಶ ಸಿಕ್ಕರೂ ಹಾಲಿವುಡ್ಡಿನಿಂದ ಆಮೇಲೆ ಬಂದ ಪಾತ್ರಗಳು ಒಂದೇ ಅಚ್ಚಿನವು. ಸುಮಾರು ಎರಡು ವರ್ಷ ಅವರು ಯಾವುದನ್ನೂ ಒಪ್ಪದೆ ಕೂತರು.

ಅರ್ಥವಾಗದ ಮಾತನ್ನು ಬಾಯಿಪಾಠ ಮಾಡಿ

ಕಾದದ್ದು ವ್ಯರ್ಥವಾಗಲಿಲ್ಲ. ನಿರ್ದೇಶಕ ಆಂಗ್ ಲೀ ‘ಕ್ರೌಚಿಂಗ್ ಟೈಗರ್, ಹಿಡನ್ ಡ್ರ್ಯಾಗನ್’ಗೆ ಕರೆದರು. ಬಿದಿರುಮೆಳೆಯ ತುದಿಯಲ್ಲಿ ಕತ್ತಿಯುದ್ಧ, ಹೆಂಚಿನ ಮಾಡುಗಳ ಮೇಲೆ ಹಾರಾಟ. ಯಕ್ಷಗಾನದ ರಾತ್ರಿಗಳನ್ನು ಕಂಡವರಿಗೆ ಈ ಲೋಕ ಪರಕೀಯ ಅನ್ನಿಸದು. ಆದರೆ ಆ ಚಿತ್ರದ ಭಾಷೆ ಮ್ಯಾಂಡರಿನ್. ಈಗ ಆ ಹಳೆಯ ಫಜೀತಿಗೆ ಬಂದೆವು ನೋಡಿ. ಮಿಶೆಲ್‌ಗೆ ಮ್ಯಾಂಡರಿನ್ ಬಾರದು, ಚೀನೀ ಲಿಪಿ ಓದಲು ಬಾರದು!

ನಮ್ಮಲ್ಲಿ ಕನ್ನಡ ಬಾರದ ನಾಯಕಿ ತುಟಿಯಾಡಿಸಿದರೆ ಸಾಕು, ಡಬ್ಬಿಂಗ್ ಕಲಾವಿದೆ ದನಿ ಕೊಡುತ್ತಾರೆ. ಮಿಶೆಲ್ ಹಾಗೆ ಮಾಡಲಿಲ್ಲ. ಒಂದೊಂದು ಮಾತನ್ನೂ ಸದ್ದಿನ ರೂಪದಲ್ಲಿ ಬಾಯಿಪಾಠ ಮಾಡಿದರು. ಚೀನೀ ಭಾಷೆಯಲ್ಲಿ ಸ್ವರ ಏರಿದರೆ ಒಂದು ಅರ್ಥ, ಇಳಿದರೆ ಇನ್ನೊಂದು. ಅರ್ಥ ತಿಳಿಯದ ಮಂತ್ರವನ್ನು ಸ್ವರ ತಪ್ಪದೆ ಒಪ್ಪಿಸುತ್ತಾ, ಜೊತೆಗೆ ಕಣ್ಣಲ್ಲಿ ನೀರು ತರಿಸಿಕೊಳ್ಳಬೇಕು. ಇದರ ನಡುವೆ ಮಂಡಿಯ ಒಳಗಿನ ಕಟ್ಟು ಹರಿಯಿತು. ಅಮೆರಿಕಕ್ಕೆ ಹೋಗಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ಚಿತ್ರೀಕರಣಕ್ಕೆ ಮರಳಿ ಬಂದರು. 2000ದಲ್ಲಿ ಬಂದ ಆ ಚಿತ್ರ ನಾಲ್ಕು ಆಸ್ಕರ್ ಗೆದ್ದಿತು. ಅದರಲ್ಲಿ ನಟನೆಗೆ ಒಂದೂ ಇರಲಿಲ್ಲ.

ಮುಂದಿನ ಇಪ್ಪತ್ತು ವರ್ಷ ನಾನಾ ಬಗೆಯ ಪಾತ್ರಗಳು. ಮ್ಯಾನ್ಮಾರ್‌ನ ಆಂಗ್ ಸಾನ್ ಸೂ ಕಿ ಆಗಿ ‘ದಿ ಲೇಡಿ’ಯಲ್ಲಿ ನಟಿಸಿದರು. ಆ ಕಾರಣಕ್ಕೋ ಏನೋ, 2011ರಲ್ಲಿ ಆ ದೇಶಕ್ಕೆ ಹೋದಾಗ ಅವರನ್ನು ಒಳಗೆ ಬಿಡದೆ ವಾಪಸು ಕಳಿಸಿದರು. ಮಕ್ಕಳು ಅವರ ದನಿಯನ್ನು ಆಗಲೇ ಕೇಳಿರಬಹುದು. ‘ಕುಂಗ್‌ಫು ಪಾಂಡಾ 2’ರಲ್ಲಿ ಭವಿಷ್ಯ ಹೇಳುವ ಮುದಿ ಮೇಕೆ ಇದೆಯಲ್ಲ, ಆ ದನಿ ಮಿಶೆಲ್ ಅವರದೇ.

ಇನ್ನೊಂದು ಕೆಲಸವನ್ನು ಅವರು ಇಷ್ಟಪಟ್ಟು ಹಚ್ಚಿಕೊಂಡಿದ್ದಾರೆ: ರಸ್ತೆ ಸುರಕ್ಷತೆಯ ಪ್ರಚಾರ. ರೈಲಿನ ಮೇಲೆ ಬೈಕ್ ಹಾರಿಸಿದವರು ದೇಶ ದೇಶ ತಿರುಗಿ ‘ಹೆಲ್ಮೆಟ್ ಹಾಕಿ’ ಎನ್ನುತ್ತಾರೆ! ಮೊಮ್ಮಕ್ಕಳನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು, ತಮ್ಮ ಹೆಲ್ಮೆಟ್ಟನ್ನು ಕನ್ನಡಿಗೆ ನೇತುಹಾಕಿ ಶಾಲೆಗೆ ಬಿಡುವ ತಾತಂದಿರು ಇದನ್ನು ಓದುತ್ತಿದ್ದರೆ, ಮೊಮ್ಮಕ್ಕಳು ಈ ಸಾಲನ್ನು ಜೋರಾಗಿ ಓದಬೇಕು. 2015ರ ಏಪ್ರಿಲ್‌ನಲ್ಲಿ ನೇಪಾಳದಲ್ಲಿ ಭೂಕಂಪವಾದಾಗ ಅವರು ಕಠ್ಮಂಡುವಿನಲ್ಲೇ ಇದ್ದರು. ನೆಲ ನಡುಗಿದ್ದನ್ನು, ಮನೆ ಕಳೆದುಕೊಂಡವರನ್ನು ಕಣ್ಣಾರೆ ಕಂಡರು. ಮರುವರ್ಷ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಸದ್ಭಾವನಾ ರಾಯಭಾರಿಯಾದರು.

ಅಂಗಡಿಯ ಅಮ್ಮ

ಅರವತ್ತರ ಹೊಸ್ತಿಲಲ್ಲಿ ಒಂದು ವಿಚಿತ್ರ ಕಥೆ ಕೈಗೆ ಬಂತು. ಅಮೆರಿಕದಲ್ಲಿ ಬಟ್ಟೆ ಒಗೆಯುವ ಅಂಗಡಿ ನಡೆಸುವ ಚೀನೀ ಹೆಂಗಸು. ಮನೆಯಲ್ಲಿ ವಯಸ್ಸಾದ ತಂದೆ, ಮೆತ್ತಗಿನ ಗಂಡ, ಮುನಿಸಿಕೊಂಡ ಮಗಳು. ಮೇಜಿನ ತುಂಬ ತೆರಿಗೆ ಕಚೇರಿಗೆ ತೋರಿಸಬೇಕಾದ ರಸೀತಿಗಳು. ಇಂಥವಳು ಇದ್ದಕ್ಕಿದ್ದಂತೆ ಅನೇಕ ಲೋಕಗಳನ್ನು ಉಳಿಸಬೇಕಾಗುತ್ತದೆ. ಮೊದಲು ಈ ಕಥೆಯನ್ನು ಜಾಕಿ ಚಾನ್‌ಗೆಂದು ಯೋಚಿಸಿದ್ದರಂತೆ. ಆಮೇಲೆ ನಿರ್ದೇಶಕರಿಬ್ಬರು ಅದನ್ನು ತಿರುಗಿಸಿ ಅಮ್ಮನ ಕಥೆ ಮಾಡಿದರು, ಪಾತ್ರಕ್ಕೆ ‘ಮಿಶೆಲ್’ ಎಂದೇ ಹೆಸರಿಟ್ಟರು. ಮಿಶೆಲ್ ಒಪ್ಪಲಿಲ್ಲ. ಈಕೆ ನಾನಲ್ಲ, ತನ್ನದೇ ಬದುಕಿರುವ ಹೆಂಗಸು, ಬೇರೆ ಹೆಸರಿಡಿ ಎಂದರು. ಹಾಗೆ ಆಕೆ ಎವೆಲಿನ್ ಆದಳು.

‘ಎವ್ರಿಥಿಂಗ್ ಎವ್ರಿವೇರ್ ಆಲ್ ಅಟ್ ಒನ್ಸ್’ ಎಂಬ ಈ ಚಿತ್ರ ದೊಡ್ಡವರಿಗೆ ಮಾತ್ರ. ಮಕ್ಕಳು ಸ್ವಲ್ಪ ವರ್ಷ ಕಾಯಬೇಕು. 2023ರ ಮಾರ್ಚ್ 12ರಂದು ಲಾಸ್ ಏಂಜಲೀಸ್‌ನಲ್ಲಿ ನಡೆದ ಆಸ್ಕರ್ ಸಮಾರಂಭ ನಮಗೆಲ್ಲ ‘ನಾಟು ನಾಟು’ವಿನಿಂದ ನೆನಪಿದೆ. ಅದೇ ರಾತ್ರಿ ಈ ಚಿತ್ರ ಏಳು ಪ್ರಶಸ್ತಿ ಬಾಚಿತು. ಅತ್ಯುತ್ತಮ ನಟಿ, ಮಿಶೆಲ್ ಯೋ. ಆಗವರಿಗೆ 60. ಹೆಂಗಸರಿಗೆ ನಿಮ್ಮ ಕಾಲ ಮುಗಿಯಿತು ಎಂದು ಯಾರಾದರೂ ಹೇಳಿದರೆ ನಂಬಬೇಡಿ ಎಂದು ವೇದಿಕೆಯ ಮೇಲೆ ಹೇಳಿದರು.

ಏಷ್ಯಾದ ಹೆಣ್ಣುಮಗಳೊಬ್ಬಳಿಗೆ ಈ ಪ್ರಶಸ್ತಿ ಬಂದದ್ದು ಅದೇ ಮೊದಲು. ಪತ್ರಿಕೆಗಳು ಇದನ್ನು ಬರೆಯುವಾಗ ‘ತನ್ನನ್ನು ಏಷ್ಯಾದವಳೆಂದು ಹೇಳಿಕೊಂಡವರಲ್ಲಿ’ ಎಂಬ ಎಚ್ಚರಿಕೆಯ ಮಾತು ಸೇರಿಸಿದವು. ಆ ಎಚ್ಚರಿಕೆಯ ಹಿಂದೆ ನಮ್ಮ ಮುಂಬೈಯ ಒಬ್ಬ ಹುಡುಗಿ ಇದ್ದಾಳೆ. ಮರ್ಲ್ ಒಬೆರಾನ್ ಎಂಬ ನಟಿ 1935ರ ‘ದಿ ಡಾರ್ಕ್ ಏಂಜಲ್’ ಚಿತ್ರಕ್ಕಾಗಿ ಇದೇ ಪ್ರಶಸ್ತಿಯ ಸ್ಪರ್ಧೆಯಲ್ಲಿದ್ದರು. ಹುಟ್ಟಿದ್ದು ಮುಂಬೈ, ಬೆಳೆದದ್ದು ಕಲ್ಕತ್ತ. ಆದರೆ ತಾನು ಆಸ್ಟ್ರೇಲಿಯಾದ ಟಾಸ್ಮೇನಿಯಾದವಳು ಎಂದೇ ಹೇಳಿಕೊಂಡು ಬಂದರು. ಭಾರತದ ರಕ್ತವಿದೆ ಎಂದು ತಿಳಿದರೆ ಆ ಕಾಲದ ಹಾಲಿವುಡ್ಡಿನಲ್ಲಿ ನಾಯಕಿಯ ಪಾತ್ರವೇ ಸಿಗುತ್ತಿರಲಿಲ್ಲ. ಸತ್ಯ ಹೊರಬಿದ್ದದ್ದು ಆಕೆ ತೀರಿಕೊಂಡ ಮೇಲೆ. ಮರ್ಲ್ ಊರನ್ನೇ ಬಚ್ಚಿಡಬೇಕಾಯಿತು. ಮಿಶೆಲ್‌ಗೆ ಬದಲಾದದ್ದು ಕೆಲವು ವರ್ಷದ ಮಟ್ಟಿಗೆ ಹೆಸರು ಮಾತ್ರ.

ಆ ಹೊತ್ತಿನಲ್ಲಿ ಕ್ವಾಲಾಲಂಪುರದಲ್ಲಿ ಬೆಳಗು. 84 ವರ್ಷದ ಅವರ ತಾಯಿ ಬಂಧುಬಳಗದ ಜೊತೆ ಅಲ್ಲಿನ ಚಿತ್ರಮಂದಿರದಲ್ಲಿ ಕೂತು ನೇರ ಪ್ರಸಾರ ನೋಡುತ್ತಿದ್ದರು. ಹೇಳದೆ ಕೇಳದೆ ಮಗಳ ಹೆಸರನ್ನು ಸ್ಪರ್ಧೆಗೆ ಬರೆದು ಕೊಟ್ಟಿದ್ದ ಅದೇ ಅಮ್ಮ! ಮಗಳು ವೇದಿಕೆಯ ಮೇಲಿಂದಲೇ ಪ್ರಶಸ್ತಿಯನ್ನು ಅಮ್ಮನಿಗೆ ಅರ್ಪಿಸಿದರು. ಆಮೇಲೆ ಆ ಚಿನ್ನದ ಬೊಂಬೆಯನ್ನು ಮಲೇಷ್ಯಾಕ್ಕೆ ತಂದು ಅಮ್ಮನ ಕೈಗಿಟ್ಟರು. ತಂದೆ ಆಗಲೇ ಇರಲಿಲ್ಲ. ಇಪೋಗೆ ಹೋಗಿ ಅವರ ಸಮಾಧಿಯ ಬಳಿಗೂ ಅದನ್ನು ಒಯ್ದರು.

ಅದೇ ವರ್ಷದ ಅಕ್ಟೋಬರ್‌ನಲ್ಲಿ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧಿವೇಶನ ನಡೆದದ್ದು ನಮ್ಮ ಮುಂಬೈಯಲ್ಲಿ. ಅಲ್ಲಿ ಮಿಶೆಲ್ ಯೋ ಸಮಿತಿಯ ಸದಸ್ಯರಾಗಿ ಆಯ್ಕೆಯಾದರು. ಶಾಲೆಯಲ್ಲಿ ಸ್ಕ್ವಾಷ್ ಆಡುತ್ತಿದ್ದ ಹುಡುಗಿಗೆ ಅದೂ ಒಂದು ಖುಷಿಯೇ ಇರಬೇಕು. ಅದಕ್ಕೆ ಮುಂಚೆ ಜುಲೈಯಲ್ಲಿ ಫ್ರಾನ್ಸಿನ ಜಾನ್ ಟಾಡ್ ಅವರೊಡನೆ ಮದುವೆಯಾಗಿತ್ತು. ಫೆರಾರಿ ಕಾರ್ ರೇಸ್ ತಂಡವನ್ನು ನಡೆಸಿದ್ದವರು ಇವರು. ಮದುವೆಯಾಗೋಣ ಎಂದು ಕೇಳಿದ್ದು 2004ರಲ್ಲಿ, ಆದದ್ದು 2023ರಲ್ಲಿ. ಇಬ್ಬರಿಗೂ ಪುರುಸೊತ್ತು ಸಿಗಲು ಹತ್ತೊಂಬತ್ತು ವರ್ಷ ಹಿಡಿಯಿತು!

2024ರ ಜನವರಿ 1ರಂದು ಟಾಡ್ ಅವರ ಮಗನ ಮನೆಯಲ್ಲಿ ಗಂಡುಮಗು ಹುಟ್ಟಿತು. ಮಕ್ಕಳಿಲ್ಲವೆಂದು ಒಂದು ಕಾಲದಲ್ಲಿ ಕಣ್ಣೀರಿಟ್ಟಿದ್ದ ಮಿಶೆಲ್ ಅಜ್ಜಿಯಾದರು. ಮಗುವಿನ ಪುಟ್ಟ ಕೈಯ ಚಿತ್ರವನ್ನು ಸಂಭ್ರಮದಿಂದ ಹಂಚಿಕೊಂಡರು. ಮೊಮ್ಮಗ ಇನ್ನೂ ಚಿಕ್ಕವನು. ಒಂದು ದಿನ ಅವನೂ ಆ ರೈಲಿನ ದೃಶ್ಯ ನೋಡುತ್ತಾನೆ, ‘ಇದೆಲ್ಲಾ ಗ್ರಾಫಿಕ್ಸ್ ಬಿಡಜ್ಜಿ’ ಎನ್ನುತ್ತಾನೆ.